ಎರಡೇ ಮಾತಿನ ಬನದಮ್ಮ

ನಮ್ಮ ಬನದಮ್ಮನಿಗೆ ಬರುವುದು ಎರಡೇ ಮಾತು. ಬಲಭುಜದ ಹೂ ಬಿದ್ದರೆ ಹೌದು, ಎಡಭುಜದ್ದು ಬಿದ್ದರೆ ಇಲ್ಲ. ಜನ ಮಾತ್ರ ನೂರೆಂಟು ಕಷ್ಟ ಕಟ್ಟಿಕೊಂಡು ಗುಡ್ಡ ಹತ್ತಿ ಬರುತ್ತಾರೆ. ಅದನ್ನೆಲ್ಲ ಎರಡು ಹೂವಿಗೆ ಹೊಂದುವ ಹಾಗೆ ಕತ್ತರಿಸಿ ಕೊಡುವುದು ಪೂಜಾರಿ ಏಕಾಂತಯ್ಯನ, ಅಂದರೆ ನನ್ನ ಕೆಲಸ. ಬೆಳಗೋಡಿನಲ್ಲಿ ಬಸ್ಸು ಇಳಿದು, ಗದ್ದೆಯ ಬದು ದಾಟಿ, ಕಾಫಿ ತೋಟದ ಬೇಲಿ ಹಿಡಿದುಕೊಂಡೇ ಮೇಲೆ ಬಂದರೆ ಅಮ್ಮನ ಬನ ಸಿಗುತ್ತದೆ. ಅಪ್ಪನ ಕಾಲದಿಂದಲೂ ಅಲ್ಲಿ ನಮ್ಮದೇ ಪೂಜೆ.

ಕೇಳುವುದಕ್ಕೆ ಒಂದು ಕ್ರಮವಿದೆ. ಒಬ್ಬರಿಗೆ ವರ್ಷಕ್ಕೆ ಒಂದೇ ಪ್ರಶ್ನೆ. ಕೇಳುವವರು ತಲೆಗೆ ನೀರು ಹಾಕಿಕೊಂಡು, ಖಾಲಿ ಹೊಟ್ಟೆಯಲ್ಲಿ ಬಂದು ಕೂರಬೇಕು. ನಾನು ಎರಡು ಬಿಳಿ ಕಣಗಿಲೆ ಹೂವನ್ನು ನೀರಿನಲ್ಲಿ ಅದ್ದಿ ಅಮ್ಮನ ಕರಿಕಲ್ಲಿನ ಎರಡು ಭುಜಕ್ಕೆ ಅಂಟಿಸುತ್ತೇನೆ. ಪ್ರಶ್ನೆಯನ್ನು ಮನಸ್ಸಿನಲ್ಲೇ ಕೇಳಿಕೊಳ್ಳಬೇಕು, ಬಾಯಿ ಬಿಡುವಂತಿಲ್ಲ. ಹೂ ಬಿದ್ದ ಮೇಲೆ ಅದನ್ನು ಅವರ ಕೈಗೆ ಕೊಡುತ್ತೇನೆ. ಆ ಹೂ ಹಿಡಿದುಕೊಂಡು, ಏನು ಕೇಳಿದೆ ಅಂತ ಎಲ್ಲರ ಎದುರಿಗೆ ಹೇಳಬೇಕು. ಅಮ್ಮನ ಹೂ ಕೈಯಲ್ಲಿಟ್ಟುಕೊಂಡು ಸುಳ್ಳು ಹೇಳಿದವರನ್ನು ನಾನಂತೂ ಕಂಡಿಲ್ಲ. ಈಚೆಗೆ ಈ ಕೊನೆಯ ಭಾಗ ಬಿಟ್ಟುಹೋಗಿತ್ತು. ಯಾರು ಯಾವ ವಿಷಯಕ್ಕೆ ಗುಡ್ಡ ಹತ್ತುತ್ತಿದ್ದಾರೆ ಅಂತ ಕೆಳಗಿನ ಟೀ ಅಂಗಡಿಯಲ್ಲೇ ಗೊತ್ತಾಗಿಬಿಟ್ಟಿರುತ್ತದೆ. ಮತ್ತೆ ಬಾಯಿಬಿಟ್ಟು ಹೇಳುವುದು ಯಾಕೆ ಅಂತ ಜನ ಕಾಯಿ ಒಡೆಸಿಕೊಂಡು ಹೊರಟುಬಿಡುತ್ತಿದ್ದರು.

ಇನ್ನೊಂದು ಕಟ್ಟುನಿಟ್ಟು. ಬೀಳದೆ ಉಳಿದ ಹೂವಿಗೆ ಯಾರೂ ಕೈ ಹಾಕಬಾರದು, ಪೂಜಾರಿಯೂ ಅಷ್ಟೇ. ಅದು ತಾನಾಗಿಯೇ ಬೀಳಬೇಕು. ಸಾಮಾನ್ಯವಾಗಿ ಮಾರನೆಯ ಬೆಳಿಗ್ಗೆ ಕಲ್ಲಿನ ಬುಡದಲ್ಲಿ ಬಾಡಿ ಬಿದ್ದಿರುತ್ತದೆ.

ಜನಕ್ಕೆ ಪ್ರಶ್ನೆ ಕೇಳಲು ಬರುವುದಿಲ್ಲ ಅನ್ನುವುದು ನನ್ನ ಹಳೆಯ ತಕರಾರು. ಒಬ್ಬ ಬಂದು ಮಗಳ ಮದುವೆ ಯಾವಾಗ ಅನ್ನುತ್ತಾನೆ. ಯಾವಾಗ ಅನ್ನುವುದಕ್ಕೆ ಅಮ್ಮ ಎಲ್ಲಿಂದ ಹೂ ತರಬೇಕು? ಈ ವರ್ಷ ಆಗುತ್ತಾ ಅಂತ ಕೇಳಯ್ಯ ಅಂತ ತಿದ್ದಿ ಕೂರಿಸಬೇಕು. ಹೆಗ್ಗದ್ದೆ ಕಡೆಯ ಜವರಪ್ಪ ಅನ್ನುವವನು ಬಸುರಿ ಹೆಂಡತಿಯನ್ನು ಕರೆದುಕೊಂಡು ಬಂದು, ಗಂಡು ಮಗುವಾ ಅಂತ ಕೇಳಿದ. ಬಲಗಡೆ ಬಿತ್ತು. ಗಂಡೂ ಹುಟ್ಟಿತು, ಹಿಂದೆಯೇ ಒಂದು ಹೆಣ್ಣೂ ಹುಟ್ಟಿತು. ಅಮ್ಮ ಅರ್ಧ ಮುಚ್ಚಿಟ್ಟಳು ಅಂತ ಜಗಳಕ್ಕೇ ಬಂದ. ನೀನು ಕೇಳಿದ್ದಕ್ಕೆ ಅಮ್ಮ ಉತ್ತರ ಕೊಟ್ಟಿದ್ದಾಳೆ, ಎಷ್ಟು ಮಗು ಅಂತ ಕೇಳಿದ್ದೀಯ ಅಂತ ಬೈದು ಕಳಿಸಿದೆ. ನಮ್ಮ ಊರಿನ ಶಾಲೆಯ ಮೇಷ್ಟ್ರು ಒಮ್ಮೆ, ಇದನ್ನೆಲ್ಲ ನೀವು ನಂಬುತ್ತೀರಾ ಅಂತ ಕೇಳಿದರು. ಅದೂ ಎರಡೇ ಉತ್ತರದ ಪ್ರಶ್ನೆ, ನಾಳೆ ಸ್ನಾನ ಮಾಡಿಕೊಂಡು ಬನ್ನಿ ಅಂದೆ. ಮೇಷ್ಟ್ರು ಬರಲಿಲ್ಲ.

ಈಗ ಪಂಕಜಾಕ್ಷಿಯ ವಿಷಯ. ಕೆಳಗಿನ ಊರಿನ ಹುಲಿಯಮ್ಮನ ಕಿರಿಸೊಸೆ ಅವಳು. ಗಂಡ ಮೋಹನ ತೊಂಬತ್ತೊಂದರಲ್ಲಿ ಶುಂಠಿ ತುಂಬಿದ ಲಾರಿಯ ಜೊತೆ ಮಂಗಳೂರಿಗೆ ಹೋದ. ಲಾರಿ ವಾಪಸು ಬಂತು, ಅವನು ಬರಲಿಲ್ಲ. ಘಾಟಿ ಇಳಿದ ಮೇಲೆ ಟೀ ಕುಡಿಯಲು ನಿಲ್ಲಿಸಿದ್ದೆವು, ಹೋಟೆಲಿನ ಹಿಂದಕ್ಕೆ ಹೋದವನು ತಿರುಗಿ ಬರಲಿಲ್ಲ ಅಂತ ಡ್ರೈವರ್ ಹೇಳಿದ. ಯಾರ ಜೊತೆಗೂ ಜಗಳವಿರಲಿಲ್ಲ, ಯಾವ ಚಟವೂ ಇರಲಿಲ್ಲ. ಪೊಲೀಸರು ಹುಡುಕಿದರು, ನೆಂಟರು ಹುಡುಕಿದರು. ಧರ್ಮಸ್ಥಳದಲ್ಲಿ ಗಡ್ಡ ಬಿಟ್ಟುಕೊಂಡು ಕೂತಿದ್ದ ಅಂತ ಒಬ್ಬ, ಮುಂಬಯಿಯ ಹೋಟೆಲಿನಲ್ಲಿ ನೀರು ತಂದಿಟ್ಟ ಅಂತ ಇನ್ನೊಬ್ಬ. ಹೋಗಿ ನೋಡಿದರೆ ಯಾರೂ ಇರುತ್ತಿರಲಿಲ್ಲ.

ಅವತ್ತಿನಿಂದ ಹುಲಿಯಮ್ಮ ರಾತ್ರಿ ಊಟಕ್ಕೆ ಮಗನದೂ ಒಂದು ತಟ್ಟೆ ಬಡಿಸಿ ಮುಚ್ಚಿಡುತ್ತಿದ್ದಳು. ಯಾವ ಹೊತ್ತಿನಲ್ಲಿ ಬರುತ್ತಾನೋ, ಹಸಿದು ಬರುತ್ತಾನೆ ಅಂತ. ಬೆಳಿಗ್ಗೆ ಆ ತಂಗಳನ್ನು ಪಂಕಜಾಕ್ಷಿ ಉಣ್ಣಬೇಕು. ಗಂಡನ ಪಾಲಿನ ಅನ್ನವನ್ನು ನಾಯಿಗೆ ಹಾಕುವಂತಿಲ್ಲ, ಬೇರೆಯವರು ಮುಟ್ಟುವಂತಿಲ್ಲ. ಏಳು ವರ್ಷ ಆ ಹೆಂಗಸು ಬೆಳಿಗ್ಗೆ ಬಿಸಿಯದೊಂದು ತುತ್ತು ಕಂಡವಳಲ್ಲ. ಇದನ್ನು ನನಗೆ ಹೇಳಿದ್ದು ಅವಳಲ್ಲ, ನನ್ನ ಹೆಂಡತಿ. ಹೆಂಗಸರಿಗೆ ಇಂಥದ್ದೆಲ್ಲ ಗೊತ್ತಿರುತ್ತದೆ.

ತೊಂಬತ್ತೆಂಟರಲ್ಲಿ ಎರಡು ಸಂಗತಿ ಒಟ್ಟಿಗೆ ಬಂದವು. ಸಕಲೇಶಪುರದ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆಯವರು ಬೇಕಾಗಿದ್ದಾರೆ, ಇರಲು ಕೋಣೆಯೂ ಕೊಡುತ್ತಾರೆ ಅಂತ ಪಂಕಜಾಕ್ಷಿಗೆ ತವರಿನ ಕಡೆಯಿಂದ ಸುದ್ದಿ ಬಂತು. ಅವಳಿಗೆ ಹೋಗುವ ಆಸೆ. ಗಂಡ ಬಂದಾಗ ಹೆಂಡತಿ ಎಲ್ಲೋ ಬೇರೆಯವರ ಮಕ್ಕಳಿಗೆ ಬೇಯಿಸಿ ಹಾಕುತ್ತಿದ್ದರೆ ಏನು ಚಂದ ಅಂತ ಅತ್ತೆ ಬಿಡಲಿಲ್ಲ. ಅದೇ ಹೊತ್ತಿಗೆ ಭಾವ ಚಂದ್ರಶೇಖರನಿಗೆ ಪೇಟೆಯ ವಕೀಲರೊಬ್ಬರು, ಏಳು ವರ್ಷ ಸುದ್ದಿಯಿಲ್ಲದವನನ್ನು ಸತ್ತವನು ಅಂತಲೇ ತಿಳಿಯಬಹುದು ಅಂತ ಹೇಳಿದ್ದರು. ಚಂದ್ರಶೇಖರ ಕೆಟ್ಟವನೇನಲ್ಲ, ಆದರೆ ಯಾವ ಕೆಲಸವನ್ನೂ ಮುಗಿಸದೆ ಬಿಡುವವನಲ್ಲ. ತಮ್ಮ ಸತ್ತ ಅಂತಾದರೆ ತಿಥಿ ಮಾಡಿಬಿಡುವುದು, ಪಂಕಜಾಕ್ಷಿಯಿಂದ ಒಂದು ರುಜು ಹಾಕಿಸಿಕೊಂಡು ತಮ್ಮನ ಪಾಲಿನ ತೋಟ ತನ್ನ ಹೆಸರಿಗೆ ಮಾಡಿಸಿಕೊಳ್ಳುವುದು, ಅವಳು ಬಳೆ ತೆಗೆದು ಮನೆಯಲ್ಲೇ ಒಂದು ಕಡೆ ಇರುವುದು. ಬದುಕಿದ್ದಾನೆ ಅಂತಾದರೆ ಈಗಿನ ಹಾಗೇ ಅವಳು ಕಾಯುವುದು, ತೋಟ ತಾನು ನೋಡಿಕೊಳ್ಳುವುದು.

ಆದರೆ ಹೆತ್ತವಳು ಒಪ್ಪದೆ ತಿಥಿ ಹೇಗೆ ಮಾಡುವುದು? ವಕೀಲರ ಮಾತಿಗೆ ಹುಲಿಯಮ್ಮ ಜಗ್ಗಲಿಲ್ಲ. ಕೊನೆಗೆ ಅಮ್ಮನ ಹತ್ತಿರ ಕೇಳಿಬಿಡೋಣ ಅಂತಾಯಿತು. ಕಾಣದವನ ವಿಷಯ ಕೇಳಲು ತಾಯಿಯಾದರೂ ಕೂರಬೇಕು, ಹೆಂಡತಿಯಾದರೂ ಕೂರಬೇಕು. ಅದೂ ನಮ್ಮ ಬನದ ಕ್ರಮವೇ. ನಾನು ಯಾಕೆ, ಕಟ್ಟಿಕೊಂಡವಳಿದ್ದಾಳಲ್ಲ, ಅವಳೇ ಕೂರಲಿ ಅಂದಳಂತೆ ಹುಲಿಯಮ್ಮ. ಆಗ ನಾನು ಅದನ್ನು ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ.

ಮಂಗಳವಾರ ಕೇಳುವುದು ಅಂತ ಗೊತ್ತಾದ ಮೇಲೆ ಚಂದ್ರಶೇಖರ ಮೊದಲು ಒಬ್ಬನೇ ಬಂದ. ಬನದ ಗುಡಿಯ ಸೂರನ್ನು ನೋಡಿ ಬಹಳ ಮರುಕಪಟ್ಟ.

“ಹೆಂಚೆಲ್ಲ ಒಡ್ದೋಗ್ಬುಟ್ಟವಲ್ಲ ಅಯ್ನೋರೆ. ಈ ಮಳೆಗಾಲಕ್ಕೆ ಮುಂಚೆ ತಗಡಿನ ಸೀಟು ಹಾಕ್ಸಾನ ಅಂತಿವ್ನಿ.”

“ಹಾಕ್ಸಪ್ಪ, ಅಮ್ಮನಿಗೂ ನೆಗಡಿ ತಪ್ಪುತ್ತೆ” ಅಂದೆ.

“ಅಲ್ಲ, ಎಡಗಡೆ ಹೂ ಒಂಚೂರು ಸಡಿಲಾಗಿ ಅಂಟ್ಸುದ್ರೆ ತಪ್ಪೇನಿಲ್ಲ ಅಲ್ವ? ಎಲ್ಲಾರ್ಗೂ ಒಂದು ಇತ್ಯರ್ಥ ಆಯ್ತದೆ. ಅವ್ವನೂ ಒಂದ್ಸಲ ಅತ್ತು ಸುಮ್ನಾಯ್ತಳೆ.”

ನನಗೆ ಸಿಟ್ಟು ಬಂತು. ಹಿಂದೆ ಪಟೇಲರೊಬ್ಬರ ಒತ್ತಾಯಕ್ಕೆ ನಮ್ಮಪ್ಪ ಹಾಗೆ ಮಾಡಲು ಹೋಗಿ, ಎರಡು ಹೂವೂ ಸಂಜೆಯ ತನಕ ಬೀಳದೆ, ಪಟೇಲರು ಹಸಿದುಕೊಂಡು ಕೂತಿದ್ದ ಕಥೆ ಹೇಳಿದೆ. “ಸೀಟು ಹಾಕ್ಸೋದಾದ್ರೆ ಹಾಕ್ಸು. ಹೂವಿನ ತಂಟೆಗೆ ಬರ್ಬ್ಯಾಡ” ಅಂದೆ. ಅವನು ನಕ್ಕು ಇಳಿದು ಹೋದ. ತಿಥಿಯ ಅಡುಗೆಯವರಿಗೆ ಅವನು ಆಗಲೇ ಹೇಳಿಬಿಟ್ಟಿದ್ದ ಅಂತ ಆಮೇಲೆ ಗೊತ್ತಾಯಿತು.

ಸೋಮವಾರ ಮಧ್ಯಾಹ್ನ ಪಂಕಜಾಕ್ಷಿ ಬಂದಳು. ಕಾಫಿ ಕುಯ್ಲು ಮುಗಿದು ತೋಟ ಖಾಲಿಯಾಗಿತ್ತು. ಸೌದೆಗೆ ಅಂತ ಹೇಳಿ ಬಂದಿದ್ದಳು, ಸೊಂಟದಲ್ಲಿ ಕತ್ತಿ ಇತ್ತು. ಕೂತುಕೋ ಅಂದರೂ ಕೂರಲಿಲ್ಲ.

“ಅಯ್ನೋರೆ, ನಾಳೆ ಬಲಗಡೆ ಬಿದ್ರೆ ಏನು, ಎಡಗಡೆ ಬಿದ್ರೆ ಏನು?”

“ಅದೇನಮ್ಮ ಹಂಗಂತೀಯ? ಬಲ ಬಿದ್ರೆ ಗಂಡ ಬದುಕವ್ನೆ.”

“ಬದುಕವ್ರೆ ಅಂದ್ರೆ ನಾನು ತಂಗಳು ಉಂಡ್ಕಂಡು ಆ ಮನೇಲಿರ್ಬೇಕು. ಇಲ್ಲ ಅಂದ್ರೆ ಬಳೆ ತೆಗ್ದು ಅದೇ ಮನೇಲಿರ್ಬೇಕು. ಯಾವ್ದು ಬಿದ್ರೂ ನಾನು ಅಲ್ಲೇಯ.”

“ಹಂಗಾದ್ರೆ ಯಾಕೆ ಕೇಳೋಕೆ ಬರ್ತೀಯ?”

“ನಾನು ಎಲ್ಲಿ ಬರ್ತಿವ್ನಿ? ಕೇಳ್ಸ್ತಾವ್ರೆ.”

ಉತ್ತರ ತೋಚದಿದ್ದಾಗ ನಾನು ರೇಗುವುದು. ಬಂದವರಿಗೆಲ್ಲ ಒದರುವ ಮಾತನ್ನೇ ಅವಳಿಗೂ ಒದರಿದೆ. “ನೋಡಮ್ಮ, ಉತ್ತರ ಅಮ್ಮಂದು. ಪ್ರಶ್ನೆ ಅಮ್ಮಂದಲ್ಲ, ಕೂತೋರ್ದು. ಸರಿಯಾಗಿ ಯೋಚ್ನೆ ಮಾಡಿ ಕೇಳು.” ಅವಳು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕತ್ತಿಯನ್ನು ಸೊಂಟದಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡು ಇಳಿದು ಹೋದಳು.

ಮಂಗಳವಾರ ಬೆಳಿಗ್ಗೆ ಮೂರು ಜನ ಬರಬೇಕಾದ ಕಡೆ ಅರ್ಧ ಊರೇ ಬಂದಿತ್ತು. ಹುಲಿಯಮ್ಮ ಮೊಮ್ಮಗಳ ಹೆಗಲು ಹಿಡಿದು ಗುಡ್ಡ ಹತ್ತಿ ಬಂದು, ಅತ್ತಿ ಮರದ ಬೇರಿನ ಮೇಲೆ ಕೂತು ಏದುಸಿರು ಬಿಡುತ್ತಿದ್ದಳು. ಚಂದ್ರಶೇಖರ ಬಿಳಿ ಪಂಚೆ ಉಟ್ಟು ಗುಡಿಯ ಬಾಗಿಲ ಹತ್ತಿರವೇ ನಿಂತಿದ್ದ. ಪಂಕಜಾಕ್ಷಿ ತಲೆಗೂದಲಿನಿಂದ ನೀರು ತೊಟ್ಟಿಕ್ಕುತ್ತಿದ್ದ ಹಾಗೇ ಬಂದು ಅಮ್ಮನ ಎದುರು ಕೂತಳು.

ಹೂ ಅದ್ದಿದೆ, ಅಂಟಿಸಿದೆ. ಸಡಿಲ ಬಿಗಿ ಏನೂ ಮಾಡಲಿಲ್ಲ. ಗಂಟೆ ಬಾರಿಸಿ, ಕೇಳಿಕೋ ತಾಯಿ ಅಂದೆ. ಅವಳು ಕಣ್ಣು ಮುಚ್ಚಿದಳು. ಸಾಮಾನ್ಯವಾಗಿ ಈ ಹೊತ್ತಿನಲ್ಲಿ ಜನರ ತುಟಿ ಅಲ್ಲಾಡುತ್ತದೆ. ಅವಳ ತುಟಿ ಅಲ್ಲಾಡಲಿಲ್ಲ. ನಾನು ಕರ್ಪೂರ ಹಚ್ಚಿ ಕೂತೆ. ಚಂದ್ರಶೇಖರ ಎಡಗಡೆ ಹೂವನ್ನೇ ನೋಡುತ್ತಿದ್ದ.

ಹೂ ಬಿತ್ತು. ಬಲಗಡೆಯದು.

ಮೊದಲು ಕೂಗಿದವಳು ಹುಲಿಯಮ್ಮ. “ನಂಗೊತ್ತಿತ್ತು! ನನ್ ಮಗ ಅವ್ನೆ! ನಾನೇಳಲಿಲ್ವ ನಿಮ್ಗೆಲ್ಲ?” ಅನ್ನುತ್ತ, ಮೊಮ್ಮಗಳ ಕೈ ಬಿಟ್ಟು, ಬಾಗಿಲ ತನಕ ತಾನೇ ನಡೆದು ಬಂದಳು. ಬಗ್ಗಿ ಪಂಕಜಾಕ್ಷಿಯ ಮುಖವನ್ನು ಎರಡೂ ಕೈಯಲ್ಲಿ ಸವರಿ ಲಟಿಕೆ ಮುರಿದಳು. “ನಿನ್ ಕುಂಕುಮ ಗಟ್ಟಿ ಐತೆ ಕಣೆ” ಅಂತ ಅತ್ತಳು. ಬಂದ ಹೆಂಗಸರೂ ಕಣ್ಣೊರೆಸಿಕೊಂಡರು. ಚಂದ್ರಶೇಖರ ಊರಿನ ದಾರಿಯ ಕಡೆ ನೋಡಿದ, ಅಡುಗೆಯವರಿಗೆ ಬೇಡ ಅಂತ ಹೇಳಬೇಕಲ್ಲ ಅನ್ನುವ ಯೋಚನೆಯೋ ಏನೋ. ಆಮೇಲೆ, “ಆಯ್ತು, ಬದುಕವ್ನೆ ಅಂದ್ರೆ ಸಂತೋಷನೇ. ಕಾಯಿ ಒಡೀರಿ ಅಯ್ನೋರೆ, ಹೊರಡಾನ” ಅಂದ.

ನಾನು ಬಿದ್ದ ಹೂವನ್ನು ಪಂಕಜಾಕ್ಷಿಯ ಕೈಗೆ ಕೊಟ್ಟು ಕಾಯಿ ಎತ್ತಿಕೊಂಡೆ. ಅವಳು ಏಳಲಿಲ್ಲ.

“ಅಯ್ನೋರೆ, ಏನು ಕೇಳ್ದೆ ಅಂತ ಹೇಳ್ಬೇಕಲ್ವ?”

“ಕ್ರಮ ಐತಮ್ಮ. ಈಗ ಯಾರೂ ಹೇಳಲ್ಲ.”

“ನಾನು ಹೇಳ್ತೀನಿ.”

ಆಗ ನನಗೆ ಹೊಳೆಯಿತು. ಹುಲಿಯಮ್ಮನ ಮುಖ ನೋಡಿದೆ. ಏಳು ವರ್ಷದಲ್ಲಿ ಆ ಮುದುಕಿ ಅಷ್ಟು ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಬೇಡ ಅನ್ನಬೇಕು ಅನಿಸಿತು, ಅನ್ನಲು ನಾನು ಯಾರು? ಪಂಕಜಾಕ್ಷಿ ಎದ್ದು ಜನರ ಕಡೆ ತಿರುಗಿ, ಹೂವನ್ನು ಅಂಗೈಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಹಿಡಿದುಕೊಂಡಳು.

“ನಾನು ಕೇಳಿದ್ದು, ಇನ್ನು ಕಾಯೋದು ಬಿಟ್ಟು ಹೋಗ್ಲಾ ಅಂತ. ಅಮ್ಮ ಹೂಂ ಅಂದವ್ಳೆ.”

ಚಂದ್ರಶೇಖರನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು.

“ಏನಂದೆ? ಅವ್ನು ಬದುಕವ್ನಾ ಅಂತ ಕೇಳು ಅಂತ ತಾನೆ ನಿನ್ನ ಕೂರ್ಸಿದ್ದು?”

“ಅದು ನಿಮ್ ಪ್ರಶ್ನೆ ಭಾವ.”

“ಹೇಳ್ದಂಗೆ ಕೇಳೋಕೇನಾಗಿತ್ತು ನಿಂಗೆ? ಅಯ್ನೋರೆ, ಇದು ಲೆಕ್ಕಕ್ಕಿಲ್ಲ. ಇನ್ನೊಂದ್ಸಲ ಕೂರ್ಸಿ ಇವ್ಳನ್ನ.”

“ಒಬ್ಬರಿಗೆ ವರ್ಷಕ್ಕೊಂದೇ ಪ್ರಶ್ನೆ. ಅದು ಮುಗೀತು” ಅಂದೆ.

“ಪಾಲಿನ ಕಾಗದ?” ಅಂತ ಅವನು ಅವಳ ಕಡೆ ತಿರುಗಿದ.

“ತೋಟ ಎಲ್ಲಿಗೋಗುತ್ತೆ ಭಾವ, ಅಲ್ಲೇ ಇರ್ಲಿ. ನೀವೇ ನೋಡ್ಕಳಿ. ರುಜು ಮಾತ್ರ ನಾನು ಹಾಕಲ್ಲ” ಅಂದಳು. ದನಿ ಏರಿಸಿರಲಿಲ್ಲ.

ಹುಲಿಯಮ್ಮ ನಡುವೆ ಬಾಯಿ ಹಾಕಿದಳು. ಅಷ್ಟು ಹೊತ್ತೂ ಸೊಸೆಯ ಬಾಯನ್ನೇ ನೋಡುತ್ತಿದ್ದಳು.

“ಹಂಗಾದ್ರೆ ನನ್ ಮಗ?”

“ನಾನು ಕೇಳ್ಲಿಲ್ಲ ಅತ್ತೆಮ್ಮ.”

“ಅವ್ನೆ ಅಂತಲ್ವ ಹೂ ಬಿದ್ದಿದ್ದು?”

“ಅಲ್ಲ ಅತ್ತೆಮ್ಮ.”

ಪಂಕಜಾಕ್ಷಿಗೆ ಆಗ ಅಳು ಬಂತು. ಅಷ್ಟೆಲ್ಲ ಹೇಳುವಾಗ ಬಾರದ್ದು ಆಗ ಬಂತು. ನನಗೂ ಸಂಕಟವಾಯಿತು. ಕೊಟ್ಟಿದ್ದನ್ನು ಒಂದೇ ನಿಮಿಷದಲ್ಲಿ ಮುದುಕಿಯ ಕೈಯಿಂದ ಕಿತ್ತುಕೊಂಡ ಹಾಗಾಗಿತ್ತು, ಕಿತ್ತುಕೊಂಡವಳದ್ದೂ ತಪ್ಪಿರಲಿಲ್ಲ.

ಚಂದ್ರಶೇಖರ ಬಿಡುವ ಆಸಾಮಿಯಲ್ಲ. “ತಾಯಿ ಕೂರ್ಬೋದಲ್ವ ಅಯ್ನೋರೆ? ನೀವೇ ಹೇಳಿದ್ರಿ. ಅವ್ವ, ನೀನೇ ಕೂತ್ಕ. ಇವತ್ತೇ ಇತ್ಯರ್ಥ ಆಗ್ಲಿ” ಅಂದ.

ಕೂರಬಹುದು ಅಂದೆ. ಬೆಳಿಗ್ಗೆಯಿಂದ ಹುಲಿಯಮ್ಮನೂ ಏನೂ ತಿಂದಿರಲಿಲ್ಲ, ಸ್ನಾನ ಮಾಡಿಯೇ ಬಂದಿದ್ದಳು. ಎಡಗಡೆಯ ಹೂ ಇನ್ನೂ ಅಮ್ಮನ ಭುಜದ ಮೇಲೇ ಇತ್ತು, ಬಲಗಡೆಗೆ ಹೊಸದೊಂದು ಅಂಟಿಸಿದರಾಗುತ್ತಿತ್ತು. ಬುಟ್ಟಿಯಿಂದ ಒಂದು ಹೂ ತೆಗೆದು ನೀರಿಗೆ ಅದ್ದಿದೆ. ಹುಲಿಯಮ್ಮ ಅಮ್ಮನ ಎದುರು ಬಂದು ನಿಂತಳು. ಕೂರಲಿಲ್ಲ. ಅವಳು ನೋಡುತ್ತಿದ್ದ ಕಡೆ ನಾನೂ ನೋಡಿದೆ. ಎಡಗಡೆಯ ಹೂವಿನ ನೀರು ಆರುತ್ತಿತ್ತು. ಒಂದು ಎಸಳು ಕಲ್ಲನ್ನು ಬಿಟ್ಟು ಮುಂದಕ್ಕೆ ಬಾಗಿತ್ತು.

“ಬ್ಯಾಡ” ಅಂದಳು.

“ಯಾಕವ್ವ? ಕೂತ್ಕ” ಅಂತ ಚಂದ್ರಶೇಖರ ಅವಳ ರಟ್ಟೆ ಹಿಡಿದ. ಅವಳು ಕೊಡವಿಕೊಂಡಳು.

“ಕೇಳೋದಿದ್ರೆ ಯಾವತ್ತೋ ಬಂದು ಕೇಳ್ತಿರ್ಲಿಲ್ವೇನೋ ನಾನು? ನಮ್ಮನೆ ಹಿತ್ತಲಿಗೆ ಕಾಣುತ್ತೆ ಈ ಗುಡ್ಡ. ಅಮ್ಮಂಗೆ ಎರಡೇ ಮಾತು ಬರೋದು ಕಣೋ. ಅದ್ರಲ್ಲಿ ಒಂದು ನಂಗೆ ಬ್ಯಾಡ. ಅದ್ಕೇ ಇವ್ಳನ್ನ ಕೂರ್ಸ್ದೆ.”

ಸೊಸೆಯ ಕಡೆ ತಿರುಗಿದಳು. ಬೈಯುತ್ತಾಳೆ ಅಂತಲೇ ಎಲ್ಲರೂ ಅಂದುಕೊಂಡೆವು.

“ನೀ ಹೋಗು. ಅಮ್ಮನೇ ಹೂಂ ಅಂದ ಮ್ಯಾಲೆ ನಾನ್ಯಾರು? ಕಾಯೋಕೆ ಒಬ್ರು ಸಾಕು, ನಾನಿವ್ನಿ.”

ಆಮೇಲೆ ನನಗೆ ಹೇಳಿದಳು. “ಏಕಾಂತಯ್ಯ, ಆ ಎಡಗಡೇದು ತೆಗ್ದುಬುಡು.”

“ಕೈ ಹಾಕಂಗಿಲ್ಲ ಹುಲಿಯಮ್ಮ. ತಾನಾಗೇ ಬೀಳ್ಬೇಕು.”

“ಅದು ಜಾರ್ತಾ ಐತೆ ಮಾರಾಯ. ನಾನು ನೋಡ್ತಿರಂಗೇ ಬಿದ್ರೆ ಮನೆಗೆ ಹೆಂಗೋಗ್ಲಿ?”

ಅವಳು ಏನೂ ಕೇಳಿರಲಿಲ್ಲ. ಕೇಳದ ಪ್ರಶ್ನೆಗೆ ಅಮ್ಮ ಉತ್ತರ ಕೊಡುವುದಿಲ್ಲ, ಹೂ ಬಿದ್ದರೆ ಬರೀ ಹೂ ಬಿದ್ದ ಹಾಗೆ ಅಷ್ಟೇ ಅಂತ ಅವಳಿಗೆ ತಿಳಿಸಿ ಹೇಳಬಹುದಿತ್ತು. ಬಂದವರಿಗೆಲ್ಲ ಹಾಗೆ ಹೇಳಿಯೇ ನನ್ನ ಕೂದಲು ನೆರೆತಿರುವುದು. ಹಾಗೆ ಹೇಳುವ ಬದಲು ಕಾಯಿಯನ್ನೂ ಅದ್ದಿದ ಹೂವನ್ನೂ ಕೆಳಗಿಟ್ಟೆ. ಅಮ್ಮನಿಗೂ ಜನಕ್ಕೂ ನಡುವೆ ನಿಂತುಕೊಂಡು, ಅಪ್ಪನ ಕಾಲದಿಂದ ಯಾರೂ ಮಾಡದ ಕೆಲಸ ಮಾಡಿದೆ. ಎಡಗಡೆಯ ಹೂವನ್ನು ಹಿಡಿಯಲ್ಲಿ ಮುಚ್ಚಿ ಪಂಚೆಯ ಮಡಿಕೆಗೆ ಸೇರಿಸಿದೆ.

ಜನ ಇಳಿದು ಹೋದ ಮೇಲೆ ಚಂದ್ರಶೇಖರ ಒಬ್ಬನೇ ಹಿಂದೆ ಉಳಿದ. “ಅಯ್ನೋರೆ, ನಿಜ ಹೇಳಿ. ನೀವು ಕೈ ಹಾಕೋ ಹೊತ್ತಿಗೆ ಅದು ಬಿದ್ದೇ ಹೋಗಿತ್ತಾ, ಇಲ್ವಾ?” ಅಂತ ಕೇಳಿದ. ಅದಕ್ಕೂ ಎರಡೇ ಉತ್ತರ. ಸೀಟು ಯಾವಾಗ ಹಾಕಿಸ್ತೀಯ ಅಂತ ನಾನು ಅವನನ್ನೇ ಕೇಳಿದೆ.

ಆ ವಾರ ಕಳೆಯುವುದರೊಳಗೆ ಪಂಕಜಾಕ್ಷಿ ಒಂದು ಕೈಚೀಲ ಹಿಡಿದುಕೊಂಡು ಬೆಳಗೋಡಿನಲ್ಲಿ ಸಕಲೇಶಪುರದ ಬಸ್ಸು ಹತ್ತಿದಳು. ಬಸ್ಸಿನ ತನಕ ಅತ್ತೆಯೇ ಬಂದಿದ್ದಳಂತೆ. ಹಾಸ್ಟೆಲಿನ ಹುಡುಗಿಯರಿಗೆ ಬೆಳಿಗ್ಗೆ ಬಿಸಿ ಉಪ್ಪಿಟ್ಟು ಮಾಡಿ ಹಾಕಿ, ತಾನೂ ಅದನ್ನೇ ತಿನ್ನುತ್ತೇನೆ ಅಂತ ಯಾರ ಹತ್ತಿರವೋ ಹೇಳಿ ಕಳಿಸಿದ್ದಳು. ಇಲ್ಲಿ ಹುಲಿಯಮ್ಮ ಈಗಲೂ ರಾತ್ರಿ ಒಂದು ತಟ್ಟೆ ಬಡಿಸಿ ಮುಚ್ಚಿಡುತ್ತಾಳೆ. ಬೆಳಿಗ್ಗೆ ಅದನ್ನು ತಾನೇ ಉಣ್ಣುತ್ತಾಳೆ.